ಗವರ್ನೆಸ್ ಭೇದ ನಿರೂಪಣಂ

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳದಿದ್ದರೆ ಓದುಗ ಅರ್ಧಕ್ಕೆ ಎದ್ದು ಹೋಗುತ್ತಾನೆ. ಹೇಳಿದರೆ ಮೊದಲೇ ಎದ್ದು ಹೋಗುತ್ತಾನೆ, ಇಬ್ಬರಿಗೂ ಹೊತ್ತು ಉಳಿಯುತ್ತದೆ. ಆದ್ದರಿಂದ ಹೇಳುತ್ತೇನೆ.

ವಿಷಯ: 1847ರಲ್ಲಿ ಇಂಗ್ಲೆಂಡಿನ ಅಚ್ಚುಕೂಟಗಳಲ್ಲಿ ಜನಿಸಿದ ಇಬ್ಬರು ಕನ್ಯೆಯರು. ಒಬ್ಬಳು ಥ್ಯಾಕರೆಯ ‘ವ್ಯಾನಿಟಿ ಫೇರ್’ನ ಬೆಕಿ ಶಾರ್ಪ್, ಇನ್ನೊಬ್ಬಳು ಷಾರ್ಲಟ್ ಬ್ರಾಂಟೆಯ ಜೇನ್ ಐರ್. ಪ್ರಯೋಜನ: ಕೂರಿಸಿದ ಜಾಗದಲ್ಲಿ ಕೂರಲೊಲ್ಲದ ಹೆಂಗಸರಲ್ಲಿ ಬಗೆಗಳೆಷ್ಟು ಎಂಬ ಜ್ಞಾನ. ಸಂಬಂಧ: ಇಬ್ಬರೂ ಪರರ ಮನೆಯಲ್ಲಿ ಪರರ ಮಕ್ಕಳಿಗೆ ಪಾಠ ಹೇಳಿದ ಗವರ್ನೆಸ್‌ಗಳು. ಅಧಿಕಾರಿ: ಎರಡು ಕಾದಂಬರಿಗಳನ್ನೂ ಓದಿದವರು ಉತ್ತಮಾಧಿಕಾರಿಗಳು, ಒಂದನ್ನು ಓದಿ ಇನ್ನೊಂದರ ಸಿನಿಮಾ ನೋಡಿದವರು ಮಧ್ಯಮರು, ಬಿ.ಎ. ಪರೀಕ್ಷೆಯನ್ನು ಗೈಡು ಓದಿ ದಾಟಿದವರು ಮಂದಾಧಿಕಾರಿಗಳು. ಮಂದರಿಗೂ ಇಲ್ಲಿ ಪ್ರವೇಶವುಂಟು. ಅವರನ್ನು ಹೊರಗಿಟ್ಟರೆ ಶಾಸ್ತ್ರಕ್ಕೆ ಓದುಗರೇ ಉಳಿಯುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. ನಾಯಿಕೆಯರನ್ನು ವಿಂಗಡಿಸುವ ಕೆಲಸವನ್ನು ಭರತಮುನಿಯೇ ನಾಟ್ಯಶಾಸ್ತ್ರದಲ್ಲಿ ಮುಗಿಸಿಟ್ಟಿರುವಾಗ ಹೊಸ ಶಾಸ್ತ್ರ ಏಕೆ? ಎಂಟು ನಾಯಿಕೆಯರಿದ್ದಾರಲ್ಲ, ಅವರಲ್ಲಿ ಯಾರೋ ಇಬ್ಬರನ್ನು ಆರಿಸಿಕೊಂಡರೆ ಆಗದೆ? ಆಗದು. ವಾಸಕಸಜ್ಜೆ ಅಲಂಕರಿಸಿಕೊಂಡು ನಲ್ಲನಿಗಾಗಿ ಕಾಯುತ್ತಾಳೆ. ವಿರಹೋತ್ಕಂಠಿತೆ ಅವನು ಬರಲಿಲ್ಲವೆಂದು ಕೊರಗುತ್ತಾಳೆ. ಖಂಡಿತೆ ಅವನು ಬೇರೆಲ್ಲೋ ರಾತ್ರಿ ಕಳೆದು ಬಂದನೆಂದು ಸಿಡುಕುತ್ತಾಳೆ. ಪ್ರೋಷಿತಭರ್ತೃಕೆಯ ಗಂಡ ಪರಸ್ಥಳಕ್ಕೆ ಹೋಗಿರುತ್ತಾನೆ. ಅಭಿಸಾರಿಕೆ ತಾನೇ ಎದ್ದು ಹೊರಡುತ್ತಾಳೆ, ಆದರೆ ಹೊರಡುವುದು ಅವನಿದ್ದಲ್ಲಿಗೇ. ಎಂಟನ್ನೂ ಜಾಲಾಡಿ ನೋಡಿ: ಗಂಡಸು ಎಲ್ಲಿದ್ದಾನೆ, ಯಾವಾಗ ಬರುತ್ತಾನೆ ಎಂಬುದರ ಮೇಲೆಯೇ ಇಡೀ ವಿಂಗಡಣೆ ನಿಂತಿದೆ. ತಿಂಗಳ ಸಂಬಳ ಎಷ್ಟು, ಊಟ ಯಾರ ಜೊತೆ, ಬಟ್ಟೆ ಒಗೆಸಿದ ಖರ್ಚು ಯಾರ ತಲೆಗೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ. ಮುನಿಗಳ ಕಾಲದಲ್ಲಿ ಸಂಬಳದ ನಾಯಿಕೆ ಇರಲಿಲ್ಲ; ಅದು ಅವರ ದೋಷವಲ್ಲ.

ಇನ್ನು ಲಕ್ಷಣ. “ಸಂಬಳವುಂಟು, ಸ್ಥಾನವಿಲ್ಲ, ವಿದ್ಯೆಯುಂಟು, ವಾರಸುದಾರಿಕೆಯಿಲ್ಲ” — ಇಂಥವಳು ಗವರ್ನೆಸ್. ತಾರ್ಕಿಕರು ಕೂಡಲೇ ಅತಿವ್ಯಾಪ್ತಿ ದೋಷ ಹಿಡಿಯುತ್ತಾರೆ: ಈ ಲಕ್ಷಣ ನಮ್ಮ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೂ ಅಕ್ಷರಶಃ ಹೊಂದುತ್ತದಲ್ಲ? ಹೊಂದುತ್ತದೆ. ಆದ್ದರಿಂದ “ಉದ್ಯೋಗದಾತನ ಮನೆಯಲ್ಲೇ ವಾಸ” ಎಂಬ ವಿಶೇಷಣ ಸೇರಿಸಿದರೆ ದೋಷ ಪರಿಹಾರ. ಆ ವಾಸದ ಸೊಗಸು ಇಷ್ಟು: ಅಡುಗೆಮನೆಯ ಆಳುಗಳ ಜೊತೆ ಉಣ್ಣಲು ಆಕೆ ಹೆಚ್ಚಿನವಳು, ಯಜಮಾನರ ಅತಿಥಿಗಳ ಜೊತೆ ಉಣ್ಣಲು ಕಡಿಮೆಯವಳು, ಹಾಗಾಗಿ ಮಕ್ಕಳ ಕೋಣೆಯಲ್ಲೇ ತಟ್ಟೆ. ಷಾರ್ಲಟ್ ಬ್ರಾಂಟೆ ಇದನ್ನು ಪುಸ್ತಕ ಓದಿ ತಿಳಿದವಳಲ್ಲ. 1841ರಲ್ಲಿ ರಾಡನ್ ಎಂಬ ಊರಿನ ಮನೆಯೊಂದರಲ್ಲಿ ವರ್ಷಕ್ಕೆ 20 ಪೌಂಡಿಗೆ ದುಡಿದಳು. ಅಗಸರ ಲೆಕ್ಕ ಮುರಿದುಕೊಂಡ ಮೇಲೆ ಕೈಗೆ ಬಂದದ್ದು 16ರ ಹತ್ತಿರ. ಕಾದಂಬರಿ ಬರೆಯುವಾಗ ತನ್ನ ಜೇನ್‌ಗೆ 30 ಪೌಂಡು ಕೊಡಿಸಿದಳು. ಲೇಖಕಿಯರು ತಮಗೆ ಸಿಗದ ಸಂಬಳದ ಹೆಚ್ಚಳವನ್ನು ಹೀಗೆ ಪಾತ್ರಗಳಿಗೆ ಮಂಜೂರು ಮಾಡುವುದು ಶಾಸ್ತ್ರಸಮ್ಮತ.

ಲಕ್ಷ್ಯಗಳಿಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಮೊದಲು ಕಾಣುವುದು ಭೇದವಲ್ಲ, ಅಭೇದ. ಇಬ್ಬರೂ ತಬ್ಬಲಿಗಳು, ಇಬ್ಬರೂ ಕುಳ್ಳು, ಇಬ್ಬರ ಬಣ್ಣವೂ ಬಿಳಿಚು, ಇಬ್ಬರಿಗೂ ಫ್ರೆಂಚ್ ಬರುತ್ತದೆ. ಬೆಕಿಯ ಅಪ್ಪ ಲಂಡನ್ನಿನ ಸೋಹೋದಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಸಾಲಗಾರ, ಅಮ್ಮ ಆಪೆರಾದಲ್ಲಿ ಕುಣಿಯುತ್ತಿದ್ದ ಫ್ರೆಂಚ್ ಹೆಂಗಸು. ಜೇನ್‌ಳ ಅಪ್ಪ ಬಡ ಪಾದ್ರಿ. ‘ವ್ಯಾನಿಟಿ ಫೇರ್’ 1847ರ ಜನವರಿಯಿಂದ 1848ರ ಜುಲೈವರೆಗೆ ತಿಂಗಳ ಕಂತುಗಳಲ್ಲಿ ಬಂತು. ಅದು ಇನ್ನೂ ನಡೆಯುತ್ತಿರುವಾಗಲೇ, 1847ರ ಅಕ್ಟೋಬರಿನಲ್ಲಿ, ಕರರ್ ಬೆಲ್ ಎಂಬ, ಗಂಡೋ ಹೆಣ್ಣೋ ತಿಳಿಯದ ಹೆಸರಿನ ಮರೆಯಲ್ಲಿ ‘ಜೇನ್ ಐರ್’ ಬಂತು. ಷಾರ್ಲಟ್ ತನ್ನ ಎರಡನೆಯ ಮುದ್ರಣವನ್ನು ತಾನು ನೋಡೇ ಇರದ ಥ್ಯಾಕರೆಗೆ ಭಕ್ತಿಯಿಂದ ಅರ್ಪಿಸಿದಳು. ಥ್ಯಾಕರೆಯ ಹೆಂಡತಿ ಬುದ್ಧಿಭ್ರಮಣೆಯಾಗಿ ಪರರ ಆರೈಕೆಯಲ್ಲಿದ್ದ ಸಂಗತಿ ಪಾಪ ಆಕೆಗೆ ತಿಳಿಯದು. ಅಟ್ಟದಲ್ಲಿ ಹುಚ್ಚು ಹೆಂಡತಿಯನ್ನಿಟ್ಟ ಯಜಮಾನನ ಕಥೆ, ಅದರ ಮೇಲೆ ಥ್ಯಾಕರೆಯ ಹೆಸರು! ಲಂಡನ್ನಿನ ಬಾಯಿಗಳು ಸುಮ್ಮನಿರುತ್ತವೆಯೇ? ಈ ಕರರ್ ಬೆಲ್ ಥ್ಯಾಕರೆಯ ಮನೆಯಲ್ಲಿದ್ದ ಗವರ್ನೆಸ್ಸೇ ಸರಿ, ಅವಳನ್ನು ನೋಡಿಯೇ ಆತ ಬೆಕಿಯನ್ನು ಕಡೆದದ್ದು ಎಂದು ಸುದ್ದಿ ಹರಡಿತು. ಬೆಕಿಯೇ ಜೇನ್, ಜೇನ್‌ಳೇ ಬೆಕಿ ಎಂದ ಈ ಗಾಳಿಸುದ್ದಿಯವರನ್ನು ನಮ್ಮ ಶಾಸ್ತ್ರದಲ್ಲಿ ಅದ್ವೈತಿಗಳೆಂದು ಗುರುತಿಸಬೇಕು. ನಾವು ದ್ವೈತಿಗಳು. ಪಂಚಭೇದ ತೋರಿಸಲಾಗದಿದ್ದರೂ ಎರಡು ಮೂರನ್ನಾದರೂ ತೋರಿಸಿಯೇವು.

ಮೊದಲನೆಯದು ಖಾರದ ಪರೀಕ್ಷೆ. ಬೋರ್ಡಿಂಗ್ ಶಾಲೆ ಬಿಟ್ಟ ಬೆಕಿ ಗೆಳತಿ ಅಮೀಲಿಯಾಳ ಮನೆಗೆ ಬರುತ್ತಾಳೆ. ಗೆಳತಿಯ ಅಣ್ಣ ಜಾಸ್ ಸೆಡ್ಲಿ ಹಿಂದೂಸ್ಥಾನದಲ್ಲಿ ಕಲೆಕ್ಟರು. ದಪ್ಪ, ನಾಚಿಕೆ, ದುಡ್ಡು ಮೂರೂ ಇರುವವನು. ನೋಡುವ ಮೊದಲೇ ಬೆಕಿ ಅವನನ್ನು ಮನಸ್ಸಿನಲ್ಲಿ ಮದುವೆಯಾಗಿ, ಶಾಲು ಹೊದ್ದು, ರುಮಾಲು ಸುತ್ತಿ, ಆನೆ ಏರಿ ಮೊಗಲ ಬಾದಶಹನ ಭೇಟಿಗೆ ಹೊರಟಾಗಿದೆ. ಊಟಕ್ಕೆ ಮಗನಿಗಿಷ್ಟವೆಂದು ತಾಯಿ ಇಂಡಿಯಾದ ಖಾರದ ಸಾರು ಮಾಡಿಸಿದ್ದಾಳೆ. ಬೆಕಿ ಬೇಡುತ್ತಾಳೆ, ತಿನ್ನುತ್ತಾಳೆ, ಒಳಗೆ ಬೆಂಕಿ ಬಿದ್ದರೂ ಬಹಳ ಚೆನ್ನಾಗಿದೆ ಎನ್ನುತ್ತಾಳೆ. ಜೊತೆಗೆ ಹಸಿಮೆಣಸಿನಕಾಯಿ ಕಚ್ಚಿಕೊಳ್ಳಿ ಎಂದರೆ, ‘ಚಿಲಿ’ ಎಂಬ ಇಂಗ್ಲಿಷ್ ಹೆಸರು ಕೇಳಿ ಏನೋ ತಣ್ಣನೆಯ ಪದಾರ್ಥವೆಂದುಕೊಂಡು ಕಚ್ಚಿಯೇಬಿಡುತ್ತಾಳೆ. ಮುಂದಿನದು ಯಾವ ಕನ್ನಡಿಗನಿಗೂ ವಿವರಿಸಬೇಕಾದ್ದಲ್ಲ. ನೀರು, ನೀರು ಎಂದು ಕೂಗಿದಳು, ಮನೆಯ ಮುದುಕ ಹೊಟ್ಟೆ ಹಿಡಿದು ನಕ್ಕ. ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂದರೂ ಅದನ್ನೂ ಸಾರಿನ ಹಾಗೆಯೇ ನುಂಗಿ, ಅರೇಬಿಯನ್ ನೈಟ್ಸ್ ನೆನಪಿಸಿ ಒಂದು ಜೋಕು ಮಾಡಿ ಎಲ್ಲರನ್ನೂ ನಗಿಸಿದಳು. ನನಗೆ ಇಡೀ ಕಾದಂಬರಿಯಲ್ಲಿ ಬೆಕಿ ಸಂಪೂರ್ಣವಾಗಿ ಸಿಗುವುದು ಇಲ್ಲಿಯೇ. ಆಮೇಲೆ ಲಾರ್ಡುಗಳ ಪಂಗಡದಲ್ಲಿ ಆಕೆ ನುಂಗಿದ್ದೆಲ್ಲ ಇದೇ ಮೆಣಸಿನಕಾಯಿ.

ಜೇನ್‌ಗೆ ಅದೃಷ್ಟವಶಾತ್ ಮೆಣಸಿನಕಾಯಿ ಸಿಗಲಿಲ್ಲ. ಆಕೆಗೆ ಸಿಕ್ಕಿದ್ದು ಲೋವುಡ್ ಅನಾಥಶಾಲೆಯ ಮೊದಲ ಬೆಳಗ್ಗೆಯ ಸೀದ ಗಂಜಿ. ಹತ್ತು ವರ್ಷದ, ಹಸಿದ ಹುಡುಗಿ. ಒಂದೆರಡು ಚಮಚ ಬಾಯಿಗಿಟ್ಟು, ಇದು ಊಟವಲ್ಲವೆಂದು ತೀರ್ಮಾನಿಸಿ ಇಟ್ಟುಬಿಟ್ಟಳು. ಚೆನ್ನಾಗಿದೆ ಎನ್ನಲಿಲ್ಲ, ಜೋಕು ಮಾಡಲಿಲ್ಲ. ಇದೇ ಜೇನ್ ಮುಂದೊಮ್ಮೆ ದಿಕ್ಕಿಲ್ಲದೆ ಅಲೆಯುವಾಗ, ಹಂದಿಗೆ ಸುರಿಯಲು ತಂದ ತಣ್ಣಗಂಜಿಯನ್ನು ಬೇಡಿ ತಿಂದಳು. ಹಸಿವೆಗೆ ತಿಂದಳೇ ಹೊರತು ಮೆಚ್ಚಿಸಲು ತಿನ್ನಲಿಲ್ಲ. ಇಬ್ಬರ ನಾಲಿಗೆಯಲ್ಲಿರುವ ವ್ಯತ್ಯಾಸವೇ ಇಬ್ಬರ ನಡೆಯಲ್ಲಿರುವುದು.

ಇದರಿಂದ ಶಾಸ್ತ್ರದ ಎರಡು ಮುಖ್ಯ ಜಾತಿಗಳು ಸಿದ್ಧಿಸುತ್ತವೆ: ಸೋಪಾನಪ್ರಿಯೆ ಮತ್ತು ಅರ್ಗಲಪ್ರಿಯೆ. ತಿಳಿಗನ್ನಡದಲ್ಲಿ ಏಣಿಯವಳು ಮತ್ತು ಅಗುಳಿಯವಳು. ಏಣಿಯವಳು ಸಿಕ್ಕಿದ ಮೆಟ್ಟಿಲಿಗೆಲ್ಲ ಹೂಂ ಎನ್ನುತ್ತಾಳೆ. ಅಗುಳಿಯವಳು ಒಪ್ಪದ ಬಾಗಿಲಿಗೆ ಒಳಗಿನಿಂದ ಅಗುಳಿ ಜಡಿಯುತ್ತಾಳೆ.

ಬೆಕಿ ಎಂದೂ ಒಲ್ಲೆ ಎಂದವಳಲ್ಲವೇ ಎಂದರೆ, ಅಂದವಳೇ. ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಬಿಟ್ಟಿ ಸಂಗೀತ ಕಲಿಸು ಎಂದ ಮಿಸ್ ಪಿಂಕರ್ಟನ್‌ಗೆ ದುಡ್ಡು ಕೊಟ್ಟರೆ ಕಲಿಸುತ್ತೇನೆ ಎಂದಳು. ಹೊರಡುವಾಗ ಕೈಗಿತ್ತ ಜಾನ್ಸನ್‌ನ ನಿಘಂಟನ್ನು ಗಾಡಿಯ ಕಿಟಕಿಯಿಂದ ಶಾಲೆಯ ತೋಟಕ್ಕೇ ಎಸೆದಳು. ಅಲ್ಲಿಗೆ ಆಕೆಯ ಒಲ್ಲೆಗಳ ದಾಸ್ತಾನು ಬಹುಪಾಲು ತೀರಿತು. ಮುಂದೆ ಗವರ್ನೆಸ್ಸಾಗಿ ಹೋದ ಮನೆಯ ಯಜಮಾನ, ಮುದಿ ಸರ್ ಪಿಟ್ ಕ್ರಾಲಿ, ಹೆಂಡತಿ ತೀರಿದ ಕೂಡಲೇ ಮಂಡಿಯೂರಿ ನನ್ನನ್ನು ಮದುವೆಯಾಗು ಎಂದಾಗ ಆಗದು ಎಂದಳು, ನಿಜ. ಆದರೆ ಅಷ್ಟರಲ್ಲಿ ಅವನ ಮಗ ರಾಡನ್‌ಗೆ ಗುಟ್ಟಾಗಿ ಹೂಂ ಎಂದಾಗಿತ್ತು. ಆಗ ಆಕೆಯ ಕಣ್ಣಲ್ಲಿ ಬಂದ ನೀರು ಅಪ್ಪಟ ಎಂದು ಥ್ಯಾಕರೆ ಸಾಕ್ಷಿ ನುಡಿಯುತ್ತಾನೆ. ಒಂದೇ ಒಂದು ಮೆಟ್ಟಿಲು ಕಾದಿದ್ದರೆ ಲೇಡಿ ಕ್ರಾಲಿಯೇ ಆಗಿಬಿಡಬಹುದಿತ್ತಲ್ಲ! ಏಣಿಯವಳ ದುಃಖ ಹೀಗಿರುತ್ತದೆ: ಹತ್ತಿದ್ದಕ್ಕೆ ಅಳುವುದಿಲ್ಲ, ಎರಡು ಏಣಿ ಒಟ್ಟಿಗೆ ಸಿಕ್ಕಿದ್ದಕ್ಕೆ ಅಳುತ್ತಾಳೆ.

ಜೇನ್‌ಳ ಕಡತ ಬಿಚ್ಚಿದರೆ ಒಲ್ಲೆಗಳದೇ ರಾಶಿ. ಸಾಕಿದ ಅತ್ತೆಗೆ, ಇನ್ನು ನಿಮ್ಮನ್ನು ಅತ್ತೆ ಎಂದು ಕರೆಯುವುದಿಲ್ಲ ಎಂದಳು. ನರಕಕ್ಕೆ ಹೋಗದಿರಲು ಏನು ಮಾಡಬೇಕು ಎಂದು ಕೇಳಿದ ಶಾಲೆಯ ಧರ್ಮಾಧಿಕಾರಿಗೆ, ಆರೋಗ್ಯ ನೋಡಿಕೊಂಡು ಸಾಯದೇ ಇರಬೇಕು ಎಂದಳು. ಗವರ್ನೆಸ್ಸಾಗಿ ಹೋದ ಮನೆಯ ಯಜಮಾನ ರಾಚೆಸ್ಟರ್, ತಮ್ಮ ಮದುವೆಗೆ ಮುಂಚೆ ರೇಷ್ಮೆ, ಒಡವೆ ಹೇರಲು ಬಂದರೆ ಬೇಡವೆಂದಳು. ಮದುವೆಯ ದಿನವೇ, ಅವನಿಗೆ ಜೀವಂತ ಹೆಂಡತಿಯೊಬ್ಬಳು ಅಟ್ಟದಲ್ಲಿದ್ದಾಳೆಂದು ಬಯಲಾದ ಮೇಲೆ, ಫ್ರಾನ್ಸಿನ ತೆಂಕಣ ಕರಾವಳಿಯ ಬಂಗಲೆಯಲ್ಲಿ ಹಾಗೇ ಇರೋಣ ಬಾ ಎಂದ. ಪ್ರೀತಿಯಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೂ ಒಲ್ಲೆ ಎಂದು ನಸುಕಿನಲ್ಲಿ ಮನೆ ಬಿಟ್ಟು, ಇದ್ದ 20 ಶಿಲಿಂಗನ್ನು ಗಾಡಿಯವನಿಗೆ ಕೊಟ್ಟು, ಬಟ್ಟೆಯ ಗಂಟನ್ನೂ ಗಾಡಿಯಲ್ಲೇ ಮರೆತು ಬಯಲಲ್ಲಿ ಇಳಿದಳು. ಈಕೆಗೆ ಮಹತ್ವಾಕಾಂಕ್ಷೆ ಇತ್ತೇ ಎಂದು ಮಂದಾಧಿಕಾರಿಗಳು ಕೇಳಬಹುದು. ಇತ್ತು, ಆದರೆ ಆಕೆ ದೇವರ ಹತ್ತಿರ ಕೂಡ ಚೌಕಾಸಿ ಮಾಡಿ ಬೆಲೆ ಇಳಿಸಿಕೊಂಡವಳು. ಲೋವುಡ್ಡಿನ ಕಿಟಕಿಯಲ್ಲಿ ನಿಂತು ಮೊದಲು ಬಿಡುಗಡೆ ಬೇಡಿದಳು. ಅದು ದೊಡ್ಡ ಮಾತಾಯಿತೆಂದು ಬದಲಾವಣೆ ಬೇಡಿದಳು. ಅದೂ ಆಗದಿದ್ದರೆ ಹೊಸ ಜಾಗದ ಚಾಕರಿಯಾದರೂ ಸಿಗಲಿ ಎಂದಳು. ಆಮೇಲೆ ಯಾರ ಶಿಫಾರಸನ್ನೂ ಹಿಡಿಯದೆ ಪತ್ರಿಕೆಗೆ ಜಾಹೀರಾತು ಕೊಟ್ಟಳು. ಉತ್ತರ ಬಂದದ್ದು ಒಂದೇ.

ಎರಡನೆಯದು ಐದು ಸಾವಿರದ ಪ್ರಕರಣ. ವರ್ಷಕ್ಕೆ ಐದು ಸಾವಿರ ಪೌಂಡು ಇದ್ದಿದ್ದರೆ ತಾನೂ ಒಳ್ಳೆಯ ಹೆಂಗಸಾಗಿರಬಹುದಿತ್ತು ಎಂದು ಬೆಕಿ ಒಂದೆಡೆ ಯೋಚಿಸುತ್ತಾಳೆ. ಯಾರಿಗೆ ಗೊತ್ತು, ಇರಬಹುದೇನೋ ಎಂದು ಥ್ಯಾಕರೆಯೂ ತಲೆದೂಗುತ್ತಾನೆ. ಅತ್ತ ಜೇನ್‌ಗೆ ಮದೀರಾದಲ್ಲಿದ್ದ ಚಿಕ್ಕಪ್ಪನ ಆಸ್ತಿ 20,000 ಪೌಂಡು ಬರುತ್ತದೆ. ಆಕೆ ಅದನ್ನು ನಾಲ್ಕು ಪಾಲು ಮಾಡಿ, ಮೂರನ್ನು ದಾಯಾದಿಗಳಿಗೆ ಹಂಚಿ, ತಾನು ಇಟ್ಟುಕೊಂಡದ್ದು ಐದು ಸಾವಿರ. ಅಂಕಿ ಒಂದೇ, ಲೆಕ್ಕ ಬೇರೆ. ಸರ್ಕಾರಿ ಸಾಲಪತ್ರದ ಶೇಕಡ 3ರ ಬಡ್ಡಿ ಹಿಡಿದರೆ ಜೇನ್‌ಳ ಐದು ಸಾವಿರಕ್ಕೆ ವರ್ಷಕ್ಕೆ ಬರುವುದು 150 ಪೌಂಡು, ಅಂದರೆ ಹಳೆಯ ಸಂಬಳದ ಐದು ಪಟ್ಟು. ಬೆಕಿಯ ಒಳ್ಳೆಯತನಕ್ಕೆ ಬೇಕಾದ ಅಸಲು 1,66,000 ಪೌಂಡಿಗೂ ಮೇಲೆ. ಸದ್ಗುಣ ಒಬ್ಬರಿಗಿಂತ ಒಬ್ಬರಿಗೆ ಮೂವತ್ತಮೂರು ಪಟ್ಟು ದುಬಾರಿಯೆಂದು ಗಣಿತದಿಂದ ಸಾಧಿಸಿದ ಮೊದಲ ಶಾಸ್ತ್ರ ಇದೇ ಎಂದು ನಮ್ರತೆಯಿಂದ ಹೇಳಿಕೊಳ್ಳುತ್ತೇನೆ.

ದುಡ್ಡಿಲ್ಲದೆ ಬದುಕುವ ವಿದ್ಯೆಯಲ್ಲಿ ಮಾತ್ರ ಬೆಕಿಗೆ ಸಾಟಿಯಿಲ್ಲ. ವಾಟರ್ಲೂ ಯುದ್ಧದ ಗಾಬರಿಯಲ್ಲಿ ಬ್ರಸೆಲ್ಸಿನಿಂದ ಓಡಲು ತವಕಿಸುತ್ತಿದ್ದ ಅದೇ ಜಾಸ್‌ಗೆ ಬಾಯಿಗೆ ಬಂದ ಬೆಲೆಗೆ ಕುದುರೆ ಮಾರಿದಳು. ಲಂಡನ್ನಿನ ಕರ್ಜನ್ ಬೀದಿಯಲ್ಲಿ ವರ್ಷಕ್ಕೆ ಸೊನ್ನೆ ಆದಾಯದಲ್ಲಿ ಸೊಗಸಾಗಿ ಸಂಸಾರ ಹೂಡಿ, ಬಾಡಿಗೆಗೆ ಮನೆ ಕೊಟ್ಟ ಪಾಪದ ರ‍್ಯಾಗಲ್ಸ್‌ನನ್ನು ದಿವಾಳಿ ಎಬ್ಬಿಸಿ, ದೊರೆ ನಾಲ್ಕನೆಯ ಜಾರ್ಜನ ಆಸ್ಥಾನದವರೆಗೆ ಹೋಗಿ ನಡುಬಗ್ಗಿಸಿ ಬಂದಳು. ತನ್ನ ಆಶ್ರಯದಾತ ಲಾರ್ಡ್ ಸ್ಟೈನ್‌ನ ಜೊತೆ ಗಂಡನ ಕೈಗೆ ಸಿಕ್ಕಿಬಿದ್ದ ದಿನ ಏಣಿ ಜಾರಿತು. ಮಕ್ಕಳ ವಿಷಯ, ಸುಳ್ಳಿನ ವಿಷಯಗಳಲ್ಲೂ ಭೇದಗಳುಂಟು. ಹೆತ್ತ ಮಗನನ್ನು ಬೆಕಿ ತಿರುಗಿಯೂ ನೋಡಲಿಲ್ಲ ಎಂಬಷ್ಟನ್ನು ಹೇಳಿ ಬಿಡುತ್ತೇನೆ, ಅದರಲ್ಲಿ ವಿನೋದವಿಲ್ಲ.

ಪ್ರಸಂಗವಶಾತ್ ಹಿಂದೂಸ್ಥಾನದ ಮಾತು. ಇಬ್ಬರೂ ಇಲ್ಲಿಗೆ ಬರುವುದು ಕೂದಲೆಳೆಯಲ್ಲಿ ತಪ್ಪಿತು. ಬೆಕಿ ಕಲೆಕ್ಟರನ ಹೆಂಡತಿಯಾಗಿ ಬರಬೇಕಿತ್ತು. ವಾಕ್ಸ್‌ಹಾಲ್ ಉದ್ಯಾನದಲ್ಲಿ ಜಾಸ್ ಕಂಠಪೂರ್ತಿ ಕುಡಿದು, ಆಮೇಲೆ ನಾಚಿಕೆಯಿಂದ ಊರು ಬಿಟ್ಟ. ಜೇನ್ ಪಾದ್ರಿಯ ಹೆಂಡತಿಯಾಗಿ ಬರಬೇಕಿತ್ತು. ದಾಯಾದಿ ಸೇಂಟ್ ಜಾನ್ ರಿವರ್ಸ್ ಜರ್ಮನ್ ಬಿಡಿಸಿ ಹಿಂದೂಸ್ಥಾನಿ ಕಲಿಸಿದ್ದೂ ಆಗಿತ್ತು. ತಂಗಿಯಾಗಿ ಬರುತ್ತೇನೆ, ಪ್ರೀತಿಯಿಲ್ಲದ ಹೆಂಡತಿಯಾಗಿ ಒಲ್ಲೆ ಎಂದು ಅಲ್ಲೂ ಅಗುಳಿ ಹಾಕಿದಳು. ಕಾದಂಬರಿಯ ಈ ಸೇಂಟ್ ಜಾನ್‌ಗೂ ನಮಗೂ ನಂಟಿಲ್ಲ, ಆದರೆ ಇನ್ನೊಬ್ಬ ಸೇಂಟ್ ಜಾನ್ ಉಂಟು. ಕಿತ್ತೂರು ನಾಡಿನಲ್ಲಿ ಥ್ಯಾಕರೆ ಎಂದರೆ ಕಾದಂಬರಿಕಾರನಲ್ಲ; 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಪಡೆಯ ಎದುರು ಕೋಟೆಯ ಮುಂದೆ ಸತ್ತ ಧಾರವಾಡದ ಕಲೆಕ್ಟರು. ಆ ಸೇಂಟ್ ಜಾನ್ ಥ್ಯಾಕರೆ ಈ ಕಾದಂಬರಿಕಾರನ ಸ್ವಂತ ಚಿಕ್ಕಪ್ಪ. ಕಲ್ಕತ್ತೆಯಲ್ಲಿ ಹುಟ್ಟಿದ ಹುಡುಗನಿಗೆ ಆಗ ಇಂಗ್ಲೆಂಡಿನಲ್ಲಿ ಹದಿಮೂರು ವರ್ಷ. ಅಂದುಕೊಂಡಂತೆ ನಡೆಯದ ಹೆಂಗಸಿನಿಂದ ಏನೇನಾಗಬಹುದೆಂಬುದಕ್ಕೆ ಆ ಮನೆತನದಲ್ಲೇ ದೃಷ್ಟಾಂತವಿತ್ತು. ಚೆನ್ನಮ್ಮನನ್ನು ಮೂರನೆಯ ಜಾತಿಯಾಗಿ ಸೇರಿಸಬಾರದೇ ಎಂದು ಬೆಳಗಾವಿ ಕಡೆಯವರು ಒತ್ತಾಯಿಸಬಹುದು. ಆಕೆ ಕಲ್ಪಿತ ಪಾತ್ರವಲ್ಲ, ಸಂಬಳಕ್ಕಿದ್ದವಳೂ ಅಲ್ಲ. ಶಾಸ್ತ್ರ ಕೈಮುಗಿದು ಪಕ್ಕಕ್ಕೆ ಸರಿಯುತ್ತದೆ.

ಈಗ ಪೂರ್ವಪಕ್ಷ. ಜನಾಭಿಪ್ರಾಯದ ಪ್ರಕಾರ ಬೆಕಿಯೇ ಬಂಡಾಯಗಾರ್ತಿ, ಜೇನ್ ಸಾಧು ಹುಡುಗಿ. ನಿಘಂಟು ಎಸೆದವಳು ಬೆಕಿ, ಸಮಾಜದ ಮೂಗಿಗೆ ಬೆರಳು ತೋರಿಸಿದವಳು ಬೆಕಿ. ಜೇನ್ ಕೊನೆಗೆ ಯಜಮಾನನನ್ನೇ ಮದುವೆಯಾದಳು, ಅದರಲ್ಲಿ ಬಂಡಾಯ ಎಲ್ಲಿ ಬಂತು? ಸರಳವಾಗಿ ಕಾಣುವ ಈ ವಾದವನ್ನು ಖಂಡಿಸಲು ನಮಗೆ ಸಾಕ್ಷಿಯಾಗಿ ದೊರೆಯುವವಳು ಜೇನ್‌ಳ ಪರಮ ವೈರಿಯೇ. 1848ರ ಡಿಸೆಂಬರಿನ ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಎಲಿಜಬೆತ್ ರಿಗ್ಬಿ ಹೆಸರು ಹಾಕದೆ ಒಂದು ವಿಮರ್ಶೆ ಬರೆದಳು. ವಿಮರ್ಶೆಗೆ ಎತ್ತಿಕೊಂಡದ್ದು ಮೂರು: ‘ವ್ಯಾನಿಟಿ ಫೇರ್’, ‘ಜೇನ್ ಐರ್’ ಮತ್ತು ನಿರ್ಗತಿಕ ಗವರ್ನೆಸ್‌ಗಳ ಸಹಾಯಕ್ಕೆಂದು 1843ರಲ್ಲಿ ಹುಟ್ಟಿದ ಸಂಸ್ಥೆಯೊಂದರ ವಾರ್ಷಿಕ ವರದಿ. ನಮ್ಮ ಶಾಸ್ತ್ರದ ಆದ್ಯಪ್ರವರ್ತಕಿ ಆಕೆಯೇ ಎನ್ನಬೇಕು. ಬೆಕಿಯ ಬಗ್ಗೆ ರಿಗ್ಬಿ ಹೆಚ್ಚುಕಡಿಮೆ ಮೆಚ್ಚಿಕೊಂಡೇ ಬರೆದಳು. ಗುಡುಗಿದ್ದು ಜೇನ್ ಮೇಲೆ: ಕೃತಘ್ನೆ, ಗರ್ವಿ, ಈ ಪುಸ್ತಕವೇ ಕ್ರೈಸ್ತಧರ್ಮಕ್ಕೆ ವಿರುದ್ಧ, ಹೊರದೇಶಗಳಲ್ಲಿ ಸಿಂಹಾಸನ ಉರುಳಿಸಿದ, ಒಳಗೆ ಕಾರ್ಮಿಕರ ಚಾರ್ಟಿಸ್ಟ್ ಚಳವಳಿಯನ್ನು ಸಾಕಿದ ಮನೋಧರ್ಮವೇ ಇದನ್ನೂ ಬರೆಸಿದ್ದು. ಆ ವರ್ಷ ಯೂರೋಪಿನ ರಾಜಧಾನಿಗಳಲ್ಲಿ ಕ್ರಾಂತಿ ಹೊತ್ತಿ ಉರಿದಿತ್ತು ಎಂಬುದನ್ನು ನೆನಪಿಟ್ಟು ಇದನ್ನು ಓದಬೇಕು.

ರಿಗ್ಬಿಯ ಮೂಗು ಚುರುಕಾಗಿತ್ತು. ಬೆಕಿಯಿಂದ ಆ ಸಮಾಜಕ್ಕೆ ಅಪಾಯವಿರಲಿಲ್ಲ. ಬಿರುದು ಬೇಕು, ಒಡವೆ ಬೇಕು, ದೊರೆಯ ದರ್ಶನ ಬೇಕು ಎಂದು ಆ ಸಮಾಜ ಏನನ್ನು ದೊಡ್ಡದೆಂದಿತೋ ಅದನ್ನೇ ಆಕೆ ದೊಡ್ಡದೆಂದು ನಂಬಿ ಬೆನ್ನಟ್ಟಿದಳು. ನಿಯಮ ಮುರಿದದ್ದೂ ಆ ಊರಿನ ಗುಟ್ಟಿನ ನಿಯಮಗಳ ಪ್ರಕಾರವೇ. ಕಳ್ಳನಿಗೂ ಖಜಾನೆಯ ಮೇಲೆ ಭಕ್ತಿಯಿರುತ್ತದೆ. ಜೇನ್ ಮಾತ್ರ ಖಜಾನೆಯನ್ನೇ ನೋಡಿ, ಇದು ನನಗೆ ಬೇಡ ಎಂದಳು. ಕೊಟ್ಟವರಿಗೆ ಋಣಿಯಾಗಿರು ಎಂದರೆ, ಲೆಕ್ಕ ಕೊಡಿ ಎಂದಳು. ಯಜಮಾನನನ್ನು ಮದುವೆಯಾದದ್ದು ನಿಜ. ಆದರೆ ಅವನ ಕಣ್ಣು, ಒಂದು ಕೈ, ಮನೆ ಮೂರೂ ಹೋದ ಮೇಲೆ, ತನ್ನ ದುಡ್ಡು ತನ್ನ ಕೈಯಲ್ಲಿದ್ದಾಗ. ಸಿದ್ಧಾಂತವಿಷ್ಟೇ: ಇಬ್ಬರಲ್ಲಿ ವಿಧೇಯಳು ಬೆಕಿ, ಬಂಡಾಯಗಾರ್ತಿ ಜೇನ್.

ಹೀಗೆಂದು ಗೆದ್ದವರಂತೆ ಗ್ರಂಥ ಮುಚ್ಚುವಂತಿಲ್ಲ. ಒಂದು ಉಪಾಧಿ ಉಳಿದಿದೆ. ಅದಕ್ಕೆ ಕರ್ತೃಕೃಪೆ ಎಂದು ಹೆಸರಿಡುತ್ತೇನೆ. ಜೇನ್ ಬಯಲಲ್ಲಿ ಹಸಿದು ಬಿದ್ದಾಗ ಕತ್ತಲಲ್ಲಿ ಕಂಡ ಒಂದೇ ದೀಪ ರಕ್ತಸಂಬಂಧಿಗಳ ಮನೆಯದು. ಮೇಲೆ ಮದೀರಾದ ಚಿಕ್ಕಪ್ಪ. ಅಟ್ಟದ ಹೆಂಡತಿಯೂ ಸರಿಯಾದ ಹೊತ್ತಿಗೆ ತಾನೇ ಬೆಂಕಿಯಿಟ್ಟು ಮಾಡಿನಿಂದ ಹಾರಿದಳು. ಇಷ್ಟು ಕೃಪೆ ಬೆಕಿಗೆ ಎಲ್ಲಿತ್ತು? ಅವಳ ಪಾಲಿಗೆ ಚಿಕ್ಕಪ್ಪನಿಲ್ಲ, ದೀಪವಿಲ್ಲ; ಗಂಡನ ಚಿಕ್ಕತ್ತೆಯ ಆಸ್ತಿಯೂ ಕೈತಪ್ಪಿತು. ಹತ್ತಿದ ಒಂದೊಂದು ಮೆಟ್ಟಿಲೂ ಸ್ವಂತ ದುಡಿಮೆ, ಸ್ವಂತ ಸುಳ್ಳು. ಕೊನೆಗೆ ಜಾಸ್‌ನ ವಿಮೆಯ ದುಡ್ಡಿನಲ್ಲಿ ಅರ್ಧ ಪಾಲು ಸಿಕ್ಕಿತು, ಅದೂ ಅವನು ಹೇಗೆ ಸತ್ತನೆಂಬ ಅನುಮಾನದ ಜೊತೆಗೆ. ಅಮೀಲಿಯಾಳಿಗೆ ಅವಳ ಸತ್ತ ಗಂಡನ ಹಳೆಯ ಪತ್ರ ತೋರಿಸಿ, ಹದಿನೆಂಟು ವರ್ಷ ಕಾದಿದ್ದ ಡಾಬಿನ್‌ನನ್ನು ಮದುವೆಯಾಗಲು ದಾರಿ ಮಾಡಿಕೊಟ್ಟ ಪುಣ್ಯಕ್ಕೂ ಥ್ಯಾಕರೆ ಆಕೆಗೆ ಬಿಡಿಗಾಸು ಕೊಡಲಿಲ್ಲ. ಆದ್ದರಿಂದ ನನ್ನ ತೀರ್ಪು ಹೀಗೆ: ಎದುರು ನಿಂತದ್ದಕ್ಕೆ ಬಹುಮಾನ ಜೇನ್‌ಗೆ, ದುಡಿದದ್ದಕ್ಕೆ ಬಾಕಿ ಸಂಬಳ ಬೆಕಿಗೆ. ಅದನ್ನು ಬಡ್ಡಿ ಸಮೇತ ಥ್ಯಾಕರೆಯ ಲೆಕ್ಕದಿಂದ ವಸೂಲು ಮಾಡತಕ್ಕದ್ದು.

ಎರಡನ್ನೂ ಓದಲು ಹೊರಡುವವರು ‘ವ್ಯಾನಿಟಿ ಫೇರ್’ನ 67 ಅಧ್ಯಾಯಗಳನ್ನು ಮೊದಲು ಮುಗಿಸಿ, ಆಮೇಲೆ ‘ಜೇನ್ ಐರ್’ನ 38ಕ್ಕೆ ಕೈಹಾಕಿ. ತಿರುವು ಮುರುವಾದರೆ ಮೊದಲನೆಯದು ಮುಂದೆ ಸಾಗುವುದಿಲ್ಲ. ಥ್ಯಾಕರೆಗೇ ಹಾಗಾಯಿತು. 1847ರ ಅಕ್ಟೋಬರಿನಲ್ಲಿ ಪ್ರಕಾಶಕರು ಕಳಿಸಿದ ‘ಜೇನ್ ಐರ್’ ಹಿಡಿದು ಕೂತವನು, ಅಚ್ಚುಕೂಟದವರು ಹಸ್ತಪ್ರತಿಗಾಗಿ ಕಾಯುತ್ತಿದ್ದರೂ, ಇಡೀ ಒಂದು ದಿನ ಅದನ್ನೇ ಓದಿದನೆಂದು ತಾನೇ ಪತ್ರ ಬರೆದು ಒಪ್ಪಿಕೊಂಡಿದ್ದಾನೆ.